ಬಕೆಟ್ಟಿನಲ್ಲಿ ಮುಳುಗಿಸಿದ ಸ್ನಬ್ಬರ್

ನನಗೆ ಮದುವೆಯಾಗಿ ಹದಿನೈದು ದಿನವಾಯಿತು, ನನ್ನಷ್ಟು ಸುಖಿ ಈ ಊರಲ್ಲಿ ಯಾರೂ ಇಲ್ಲ ಎಂಬುದನ್ನು ಮೊದಲು ಬರೆದುಕೊಳ್ಳಬೇಕು. ಹೆಸರು ಕೌಸಲ್ಯ, ವಯಸ್ಸು 22, ಮೈಸೂರಿನ ಕಾನ್ವೆಂಟಿನಲ್ಲಿ ಓದಿದವಳು, ಈಗ ಗೃಹಿಣಿ, ವಾಸ ಕೇಣಿಚಿರದಲ್ಲಿ ಮಾವ ಶಿವನಂಜಪ್ಪನವರ ಅಕ್ಕಿ ಮಿಲ್ಲಿನ ಹಿಂದಿನ ಮನೆ. ಮಲಯಾಳಂ ಬಾರದ್ದರಿಂದ ಕನ್ನಡದಲ್ಲೇ ಈ ಹೇಳಿಕೆಯ ಮೂಲಕ ತಿಳಿಸುವುದೇನೆಂದರೆ:

ನನ್ನ ಗಂಡ ಶಿವಮಲ್ಲಪ್ಪ (ಹೆಸರು ಹೇಳಲು ನನಗೆ ನಾಚಿಕೆಯಿಲ್ಲ) ಎಲೆಕ್ಟ್ರಿಕಲ್ ಎಂಜಿನಿಯರ್. ಮಿಲ್ಲಿನ ಮೋಟಾರಿಗೆ ಕರೆಂಟು ಬಿಟ್ಟು ನಿಲ್ಲಿಸುವ ಎರಡು ಥೈರಿಸ್ಟರ್‌ಗಳನ್ನು ಒಂದರ ಹಿಂದೊಂದು ಜೋಡಿಸಿದ್ದರು. ಅವೆರಡೂ ಒಂದೇ ಗಳಿಗೆಯಲ್ಲಿ ಆರುವುದಿಲ್ಲ. ಮೊದಲು ಆರಿದ್ದರ ಮೇಲೆ ಇಡೀ ವೋಲ್ಟೇಜ್ ಬೀಳುತ್ತದೆ. ಆ ಪೆಟ್ಟು ತಡೆಯಲು ಒಂದೊಂದಕ್ಕೂ ಅಡ್ಡಲಾಗಿ ಒಂದು ರೆಸಿಸ್ಟರ್, ಒಂದು ಕೆಪಾಸಿಟರ್ ಕಟ್ಟಿದ್ದರು. ಇದಕ್ಕೆ ಸ್ನಬ್ಬರ್ ಎನ್ನುತ್ತಾರೆ. ಮದುವೆಯ ಮರುದಿನವೇ ನನಗಿದು ಅರ್ಥವಾಗಿತ್ತು.

ನಿನ್ನೆ ಬೆಳಿಗ್ಗೆ ಸಬ್ ಇನ್ಸ್‌ಪೆಕ್ಟರ್ ದಿವಾಕರನ್ ನಾಲ್ಕು ಮಂದಿ ಪೊಲೀಸರೊಂದಿಗೆ ನಕ್ಸಲೈಟರನ್ನು ಹುಡುಕಿಕೊಂಡು ಮಿಲ್ಲಿಗೆ ಬಂದರು. ಸ್ನಬ್ಬರ್ ನೋಡಿ, ಇದು ಬಾಂಬು, ಈ ವೈರುಗಳು ಅದರ ಬತ್ತಿ ಎಂದರು. ಮಾವನವರು, ಅಲ್ಲ ಸಾರೇ, ಇದು ಮಿಲ್ಲಿಂದು, ಮುಟ್ಟಬೇಡಿ ಸಾರೇ ಎಂದು ಕೈಮುಗಿದರು. ನನ್ನ ಗಂಡ ಕಾಗದದ ಮೇಲೆ ಚಿತ್ರ ಬರೆದು ತೋರಿಸಿದರು. ಸದರಿ ದಿವಾಕರನ್ ಅವರು ಚಿತ್ರವನ್ನು ತಲೆಕೆಳಗಾಗಿ ಹಿಡಿದು ನೋಡಿ, ಮೇನ್ ಆಫ್ ಮಾಡಿಸಿ, ಸ್ನಬ್ಬರ್‌ಗಳನ್ನು ಕಟಿಂಗ್ ಪ್ಲೇಯರಿನಿಂದ ಕತ್ತರಿಸಿ, ನಾಡಬಾಂಬನ್ನು ಮುಳುಗಿಸುವ ಹಾಗೆ ನೀರಿನ ಬಕೆಟ್ಟಿಗೆ ಹಾಕಿದರು. ಭತ್ತ ಕೇರುತ್ತಿದ್ದ ಅಮ್ಮಿಣಿ, ಬಾಂಬಿಗೆ ಸ್ನಾನ ಆಯ್ತಲ್ಲ ಸಾರೇ, ತಲೆಗೆ ಎಣ್ಣೆ ಹಚ್ಚಲಿಲ್ಲವಾ ಎಂದು ಕೇಳಿದಳು. ಅವಳನ್ನು ಗದರಿಸಿದರು.

ಆಮೇಲೆ, ಉಳಿದದ್ದು ನಿಜವಾಗಿಯೂ ಮಿಲ್ಲಿನದಾದರೆ ಓಡಲಿ ನೋಡೋಣ ಎಂದು ತಾವೇ ಸ್ವಿಚ್ ಹಾಕಿದರು. ನನ್ನ ಗಂಡ ಬೇಡ ಎಂದು ಕೂಗಿದ್ದನ್ನು ಎಲ್ಲರೂ ಕೇಳಿದ್ದಾರೆ. ಒಂದು ಥೈರಿಸ್ಟರ್ ಸಿಡಿಯಿತು, ಅದರ ಬೆನ್ನಿಗೇ ಇನ್ನೊಂದು. ಪಟಾಕಿಯಷ್ಟೂ ಸದ್ದಾಗಲಿಲ್ಲ. ದಿವಾಕರನ್ ಅವರು ಉಮಿಯ ಗುಡ್ಡೆಯೊಳಕ್ಕೆ ಹಾರಿದರು, ಟೋಪಿ ಮಾತ್ರ ಹೊರಗೆ ಉಳಿಯಿತು. ಎದ್ದ ಮೇಲೆ ಮೀಸೆಯ ಉಮಿ ಕೊಡವಿಕೊಂಡು, ಬಾಂಬು ಸಿಡಿಸಿ ಪೊಲೀಸರನ್ನು ಕೊಲ್ಲಲು ಯತ್ನಿಸಿದನೆಂದು ನನ್ನ ಗಂಡನನ್ನು ಜೀಪಿಗೆ ಹತ್ತಿಸಿದರು. ನನ್ನ ಗಂಡ ಜೀಪಿನಿಂದಲೇ ನನಗೆ, ಅಳಬೇಡ, ಮೋಟಾರಿನ ವೈರ್ ಯಾರೂ ಮುಟ್ಟದ ಹಾಗೆ ನೋಡಿಕೋ ಎಂದರು. ನಾನು ಅಳಲಿಲ್ಲ.

ಬಾಂಬು ಎಂದು ನೀರಿಗೆ ಹಾಕಿದ್ದು ಒಂದು, ಸಿಡಿದದ್ದು ಇನ್ನೊಂದು. ಇಷ್ಟು ತಿಳಿಯಲು ಎಂಜಿನಿಯರ್ ಆಗಬೇಕಿಲ್ಲ, ಸಬ್ ಇನ್ಸ್‌ಪೆಕ್ಟರ್ ಆಗದಿದ್ದರೆ ಸಾಕು. ನನ್ನ ಗಂಡನನ್ನು ಬಿಡಬೇಕು. ಬಕೆಟ್ಟನ್ನು ಹಾಗೇ ಇಡಬೇಕು, ನೀರು ಸಹ ಚೆಲ್ಲಬಾರದು.

ಕಣ್ಣಾರೆ ಕಂಡದ್ದನ್ನೇ ಹೇಳಿದ್ದೇನೆ, ಓದಿಸಿ ಕೇಳಿ ಸಹಿ ಹಾಕಿದ್ದೇನೆ.

ಕೇಣಿಚಿರ, 10-3-1971
ಕೌಸಲ್ಯ ಶಿವಮಲ್ಲಪ್ಪ

ಸಹಿಯ ಕೆಳಗೆ ಇದನ್ನೂ ಸೇರಿಸಿಕೊಳ್ಳಿ: ನನ್ನ ಅಕ್ಕ ಶಾರದ ಮದರಾಸಿನಲ್ಲಿ ವಕೀಲಳು. ಬಕೆಟ್ಟು ನೋಡಲು ಬರುತ್ತಿದ್ದಾಳೆ. ಶುಕ್ರವಾರ, ಮಂಗಳೂರು ಮೇಲ್‌ನಲ್ಲಿ.