ಆಟೋದಾಗಿನ ಕೂಗು

ಬಾಗ್ಲು ಯಾಕೆ ಹಾಕ್ತೀಯ? ತೆಗಿ, ತೆಗಿ... ಹಾಸ್ಟೆಲ್ ಹುಡ್ಗೇರೆಲ್ಲ ಬಂದು ಕೇಳ್ಲಿ! ನಿನ್ನ ದನಿ ಇಡೀ ದುರ್ಗಕ್ಕೆ ಕೇಳ್ತೈತೆ, ನನ್ನ ದನಿ ಈ ಕಾರಿಡಾರಿಗೂ ಕೇಳ್ಬಾರ್ದಾ?

ನಗಬ್ಯಾಡ ಶಿವಗಂಗಾ. ನಗೋ ವಿಷಯ ಅಲ್ಲ ಇದು.

ಈಗ ಬಸ್‌ ಸ್ಟ್ಯಾಂಡ್ ಹತ್ರ ಟೀ ಕುಡೀತಾ ನಿಂತಿದ್ದೆ. ಆಟೋ ಬಂತು, ಮೇಲೆ ಮೈಕು, ಹಿಂದೆ ಸೀರೆ ಅಂಗಡಿ ಬ್ಯಾನರು. "ಬರ್ರೀ ಅಕ್ಕಾರೇ... ಬರ್ರೀ..." ಅಂತು. ಮೊದ್ಲು ನಂದೇ ದನಿ ಅಂದ್ಕಂಡೆ ಕಣೆ! ಟೀ ಅಂಗಡಿ ಅಣ್ಣಂಗೆ, "ಅಣ್ಣಾ, ಅದು ನಾನೇ" ಅಂತ ಹೇಳಕ್ಕೆ ಬಾಯಿ ಬ್ಯಾರೆ ತೆಗ್ದಿದ್ದೆ. ಎರಡ್ನೇ "ಬರ್ರೀ"ನಾಗೆ ದನಿ ಜಾರ್ತು ನೋಡು... ಆಗ ಗೊತ್ತಾತು, ನಿಂದು ಅಂತ. ಥೂ!

ಏನ್ ನೋಡ್ತೀಯ ಹಂಗೆ? ಸುಳ್ಳಾ?

ಆ ಕೂಗು ಯಾರ್ದು ಹೇಳು. ನಮ್ಮಪ್ಪಂದು ಕಣೆ! ತುರುವನೂರು ಕಡೆ ಹೊಲದಾಗೆ ನಿಂತ್ಕಂಡು ಕುರಿ ಕರೀತಾನಲ್ಲ ನಮ್ಮಪ್ಪ ಎತ್ತಪ್ಪ... ಕೊನೇಲಿ ಎಳ್ದು, ಮೇಲಕ್ಕೆ ಎತ್ತಿ... ಆ ಕೂಗು. ಎಲ್ಲೋ ಮೇಯ್ತಿರೋ ಕುರಿ ತಲೆ ಎತ್ತಿ ನೋಡ್ತವೆ. ಸೀರೆ ತಗಳೋ ಹೆಂಗಸ್ರೂ ಹಂಗೇ ತಿರುಗಿ ನೋಡ್ತಾರೆ ಅಂತ ನಾನು ಅದನ್ನ ಮೈಕಿಗೆ ತಂದೆ. ಹಿರಿಯೂರಿನ ಸ್ಟುಡಿಯೋ ಮಾರುತೇಶಣ್ಣ ಮೊದ್ಲು ನಕ್ಕಿದ್ದ. ಆಮೇಲೆ ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ... ಯಾವ ಅಂಗಡಿಯೋರು ಬಂದ್ರೂ "ಆ ಬರ್ರೀ ಹುಡ್ಗಿ ಕೈಲೇ ಮಾಡ್ಸು" ಅನ್ನೋರು. ನೀನು? ಹೊಳಲ್ಕೆರೆ ಪೇಟೆ ಬೀದಿ ಹುಡ್ಗಿ, ಜನ್ಮದಾಗೆ ಒಂದ್ ಕುರಿ ಕರ್ದಿದ್ದೀಯಾ?

ನಾನೇ ನಿನ್ನ ಸ್ಟುಡಿಯೋಗೆ ಕಳ್ಸಿದ್ದು, ಹೌದು, ಇಲ್ಲ ಅನ್ನಲ್ಲ. ಶೀತ ಆಗಿ ಗಂಟ್ಲು ಕಟ್ಟಿತ್ತು, ಒಂದೇ ಒಂದ್ ಸಲ ನನ್ ಬದ್ಲು ಹೋಗ್ಬಾರೇ ಅಂದೆ. ಒಂದ್ ಸಲ! ಹೆಂಗೆ ಎಳೀಬೇಕು, ಎಲ್ಲಿ ಉಸ್ರು ತಗಬೇಕು ಅಂತ ಇದೇ ಮಂಚದ ಮೇಲೆ ಕುಂದ್ರಿಸ್ಕಂಡು ಕಲ್ಸಿದೆ. ಉಂಡ ಮನೆ ಗಳ ಎಣಿಸೋದು ಅಂದ್ರೆ ಇದೇ ನೋಡು. ಮಾರುತೇಶಣ್ಣ ಮತ್ತೆ ಕರ್ದಾಗ "ಇದು ಮೀನಾಕ್ಷಿ ಕೆಲ್ಸ" ಅನ್ನಕ್ಕೆ ನಿಂಗೆ ಬಾಯಿರ್ಲಿಲ್ವಾ?

ತಲೆ ತಗ್ಗಿಸಬ್ಯಾಡ. ತಗ್ಗಿಸಿದ್ರೆ ಏನಾತು ಈಗ?

ಆ ಕೆಲ್ಸ ಇದ್ರೆ ನಾನಿಲ್ಲಿ ಗಂಗಾ, ಇಲ್ದಿದ್ರೆ ಇಲ್ಲ. ಹಾಸ್ಟೆಲ್ಲು, ಬಸ್ಸು, ಪುಸ್ತಕ, ಎಲ್ಲಾ ಅದ್ರಾಗೇ. ಅಪ್ಪ ಏನಂದಿದ್ದ? "ಓದೂ ಆಗ್ಲಿ, ಕೂಗಾಟನೂ ಆಗ್ಲಿ, ಒಂದ್ ಸಬ್ಜೆಕ್ಟ್ ಹೋತೋ ಗಂಟು ಮೂಟೆ ಕಟ್ಕಂಡು ಮನೆಗೆ ಬಾ." ನಿಂಗೂ ಗೊತ್ತು, ಅವತ್ತು ನೀನು ಪಕ್ಕದಾಗೇ ಕುಂತು ಮುದ್ದೆ ಉಣ್ತಿದ್ದೆ.

ಅದ್ಕೇ ನಿನ್ನೆ ಅಷ್ಟು ಕಷ್ಟಪಟ್ಟು... ಕಾಸ್ಟ್ ಅಕೌಂಟಿಂಗು ಏನ್ ಪೇಪರ್ರಪ್ಪ ಅದು! ಕೊನೇ ಲೆಕ್ಕ ಟ್ಯಾಲಿನೇ ಆಗ್ಲಿಲ್ಲ, ಅಲ್ವಾ? ನಿಂಗಾತಾ?

...ಯಾಕೆ, ಪೇಪರ್ ಬಗ್ಗೆನೂ ಮಾತಾಡ್ಬಾರ್ದಾ?

ಸರಿ ಬಿಡು. ನೀನ್ಯಾಕೆ ಪೇಪರ್ ಬಗ್ಗೆ ತಲೆ ಕೆಡಿಸ್ಕತೀಯ! ಬ್ಯಾರೆ ರೂಮಲ್ಲಿ ಬರ್ದ ಸಹನಾ ಹೇಳಿದ್ಲು, ಬೆಲ್ ಹೊಡ್ದು ಎಷ್ಟೊತ್ತಾದ್ರೂ ತಾವು ಮೇಡಮ್ಮು ಕಾಲೇಜ್ ಗೇಟಲ್ಲೇ ನಿಂತಿದ್ರಂತೆ, ಫೋನ್ ಕಿವೀಗಿಟ್ಕಂಡು. ಪರೀಕ್ಷೆ ದಿನಾನೂ ಮಾರುತೇಶಣ್ಣನ ಜೊತೆ ಮಾತಾ? ಇನ್ಯಾವ ಅಂಗಡೀದು ಕಸ್ಕಂಡೆ, ಹೇಳು!

ನಿನ್ನ ರೆಕಾರ್ಡಿಂಗು ಅಷ್ಟೇನೂ ಚೆನ್ನಾಗಿಲ್ಲ, ತಿಳ್ಕ. "ರೇಷ್ಮೆ" ಅನ್ನೋಕ್ ಮುಂಚೆ ಸಣ್ಣಕ್ಕೆ ಉಸ್ರು ತಗತೀಯ, ಬಾಯಿ ಒಣಗಿ ನಾಲ್ಗೆ ಅಂಟಿರೋದೂ ಕೇಳ್ತೈತೆ. ಹೆಡ್‌ಫೋನಲ್ಲಿ ಎಲ್ಲಾ ಸಾಫಾಗಿ...

ಏನು?

ಹೆಡ್‌ಫೋನಾ? ನಾನ್ಯಾವಾಗಂದೆ? ...ಆಟೋ ಮೈಕಲ್ಲೂ ಕೇಳ್ತೈತೆ. ಕಿವಿ ಇದ್ದೋರಿಗೆ ಕೇಳ್ತೈತೆ.

ಹಂಗ್ ನೋಡಬ್ಯಾಡ ಅಂದೆ.

ಏನಾದ್ರೂ ಅನ್ನೇ... ಜಗಳನಾದ್ರೂ ಆಡು. ಅವಾಗಿಂದ ನಾನೊಬ್ಳೇ ಬಡ್ಕಂತಿದೀನಿ. "ನಿನ್ನೆ ಎಲ್ಲಿದ್ದೆ ಮೀನಾ" ಅಂತ ಕೇಳು! ನಿನ್ನೆ ಸಂಜೆನೂ ಕೇಳ್ಲಿಲ್ಲ. ಪೇಪರ್ ಕಷ್ಟ ಇತ್ತು ಅಂತ ನಾನಂದೆ, ನೀನು "ಹೂಂ" ಅಂದು ಅನ್ನಕ್ಕೆ ಸಾರು ಹಾಕ್ಕೊಟ್ಟೆ. ಅಡ್ಮಿಶನ್ ದಿನ ಒಂದೇ ಸಾಲಲ್ಲಿ ನಿಂತು ತಗಂಡ ನಂಬರು ನಮ್ದು, ಮೂರು ವರ್ಷದಿಂದ ನನ್ನ ಹಿಂದಿನ ಬೆಂಚೇ ನಿಂದು... ನಿನ್ನೆ ನಿನ್ನ ಮುಂದಿನ ಬೆಂಚು ಖಾಲಿ ಇದ್ದಿದ್ದು ನಿಂಗೆ ಕಾಣ್ಲಿಲ್ವಾ?

ಹೂಂ. ಕಂಡೈತೆ ನಿಂಗೆ.

ಮೊನ್ನೆ ಮಾರುತೇಶಣ್ಣ ಫೋನ್ ಮಾಡಿ, "ನಾಳೆ ಬೆಳಿಗ್ಗೆ ಬಂದ್ರೆ ನಿಂದು, ಇಲ್ಲಾಂದ್ರೆ ಆ ಹುಡ್ಗಿದೇ ಓಡ್ಸ್ತೀನಿ" ಅಂದ. ಹಿರಿಯೂರು ಬಸ್ ಹತ್ಬಿಟ್ಟೆ ಗಂಗಾ. ನೀನು ಪರೀಕ್ಷೇಲಿ ಸಿಕ್ಕಾಕ್ಕಂಡಿರ್ತೀಯ, ಅಷ್ಟೊತ್ತಿಗೆ ನಂದು ನಾನು ತಗಂಬಿಡಾಣ ಅಂತ... ಕೂಗ್ದೆ. ಅಪ್ಪ ಕೂಗ್ದಂಗೇ ಕೂಗ್ದೆ. ಅವ್ನು ನಂದು ನಿಂದು ಎರಡೂ ಹಾಕಿ ಕೇಳ್ದ, ನಂಗೂ ಕೇಳ್ಸ್ದ. "ಆ ಹುಡ್ಗಿದೇ ಇರ್ಲಿ ಬಿಡಮ್ಮ" ಅಂದ.

ಅಳಬ್ಯಾಡ ನೀನು. ನೀನ್ಯಾಕೆ ಅಳ್ತೀಯ! ಮೋಸ ಹೋದೋಳು ನಾನು.

ಗೇಟಲ್ಲಿ ಅಷ್ಟೊತ್ತು... ಯಾರಿಗೆ ಫೋನ್ ಮಾಡ್ತಿದ್ದೆ ಗಂಗಾ?

ನನ್ ಫೋನು ಆಫಾಗಿತ್ತು. ರೆಕಾರ್ಡಿಂಗಲ್ಲಿ ಆಫ್ ಮಾಡ್ಬೇಕಲ್ಲ...

ಬಾಗ್ಲು ಹಾಕು. ಯಾರಿಗೂ ಕೇಳೋದು ಬ್ಯಾಡ.