ಅಪ್ಪನ ನಾಲಿಗೆ ಹಿಡಿದ ಬಗ್ಗೆ

ನಾನು ಆಸ್ಪತ್ರೆಯಲ್ಲಿ ರೋಗಿಗಳ ಸ್ಕ್ಯಾನ್ ಚಿತ್ರ ತೆಗೆಯುವ ವಿಭಾಗದಲ್ಲಿ ತಂತ್ರಜ್ಞೆ, ವಯಸ್ಸು ನಲವತ್ತೆರಡು, ವಾಸ ಅದೇ ಆಸ್ಪತ್ರೆಯ ಹಿಂಬದಿಯ ನೌಕರರ ವಸತಿಗೃಹ. ಕಳೆದ ಭಾನುವಾರ ಕತ್ತಲೆ ಕೋಣೆಯಲ್ಲಿ ಇಬ್ಬರು ಹೆಂಗಸರು ಸೇರಿ ಮುದುಕರೊಬ್ಬರ ನಾಲಿಗೆ ಕೀಳುತ್ತಿದ್ದಾರೆಂದು ಕಾವಲುಗಾರರು ಠಾಣೆಗೆ ಫೋನ್ ಮಾಡಿದ ವಿಚಾರವಾಗಿ ನನ್ನನ್ನು ಕರೆಸಿ ಕೇಳಲಾಗಿ, ನಾನು ಹೇಳುವುದು ಹೀಗಿದೆ.

ಆ ಮುದುಕರು ನನ್ನ ತಂದೆ, ನಿವೃತ್ತ ಬಸ್ ಕಂಡಕ್ಟರ್. ಇನ್ನೊಬ್ಬ ಹೆಂಗಸು ನನ್ನ ತಂಗಿ, ಅದೇ ವಿಭಾಗದಲ್ಲಿ ಎಂಜಿನಿಯರ್. ತಂದೆಯ ನಾಲಿಗೆಯ ಅಂಚಿನಲ್ಲಿ ಎರಡು ತಿಂಗಳಿಂದ ಬಿಳಿ ಮಚ್ಚೆ ಇದೆ. ಕ್ಯಾನ್ಸರ್ ಇರಬಹುದೆಂಬ ಭಯ ಮನೆಯಲ್ಲಿ ಎಲ್ಲರಿಗೂ ಇತ್ತು, ಬಾಯಿಬಿಟ್ಟು ಹೇಳಿದವರಿಲ್ಲ.

ನಮ್ಮಲ್ಲಿ ಎರಡು ಬಗೆಯ ಬೆಳಕಿನಲ್ಲಿ ಚಿತ್ರ ತೆಗೆಯುತ್ತೇವೆ. ನೀಲಿ ಬೆಳಕಿನಲ್ಲಿ ಕೆಟ್ಟ ಜಾಗ ಕಪ್ಪಾಗಿ ಕಾಣುತ್ತದೆ, ಆದರೆ ಬರೀ ಹುಣ್ಣಿದ್ದರೂ ಹಾಗೆಯೇ ಕಾಣುತ್ತದೆ. ಕಣ್ಣಿಗೆ ಕಾಣದ ಇನ್ನೊಂದು ಬೆಳಕು ಒಳಗಿನ ಪದರಗಳನ್ನು ತೋರಿಸುತ್ತದೆ, ಆದರೆ ಒಂದು ಸಲಕ್ಕೆ ಅಕ್ಕಿಕಾಳಿನಷ್ಟು ಜಾಗ ಮಾತ್ರ. ಎರಡನ್ನೂ ಒಂದರ ಮೇಲೊಂದು ಕೂಡಿಸಿ, ಎರಡರಲ್ಲೂ ದೋಷ ಕಂಡ ಕಡೆಯಲ್ಲೇ ವೈದ್ಯರು ಚೂರು ಕೊಯ್ದು ಪರೀಕ್ಷೆಗೆ ಕಳಿಸುತ್ತಾರೆ.

ಆ ಭಾನುವಾರಕ್ಕೆ ಮೂರು ದಿನ ಮೊದಲು, ಗುರುವಾರ, ತೆಗೆದ ಚಿತ್ರಗಳು ಕೂಡಲಿಲ್ಲ. ಮೊದಲನೆಯದು ಮುಗಿದು ಎರಡನೆಯದು ಶುರುವಾಗುವ ಮೊದಲು ತಂದೆ ತಂಗಿಯನ್ನು ಊಟ ಆಯಿತೇ ಎಂದು ಕೇಳಿಬಿಟ್ಟರು, ನಾಲಿಗೆ ಸರಿಯಿತು. ಮಾತಾಡಬೇಡಿ ಎಂದರೆ, ಆಯಿತಮ್ಮ ಆಡುವುದಿಲ್ಲ ಎಂಬುದನ್ನೂ ಬಾಯಲ್ಲೇ ಹೇಳುವ ಮನುಷ್ಯ ಅವರು. ಕೊಯ್ಯುವುದಾದರೆ ಒಂದೇ ಸಲ, ಸರಿಯಾದ ಜಾಗದಲ್ಲಿ ಕೊಯ್ಯಿರಿ, ಎರಡನೇ ಸಲಕ್ಕೆ ಸುತರಾಂ ಬರುವುದಿಲ್ಲ ಎಂದೂ ಹೇಳಿದ್ದರು.

ಆದ್ದರಿಂದ ಭಾನುವಾರ ಬೆಳಿಗ್ಗೆ ಹತ್ತಕ್ಕೆ, ವೈದ್ಯರ ಅನುಮತಿ ಪಡೆದು, ದೀಪ ಆರಿಸಿ, ನಾನು ಹತ್ತಿಬಟ್ಟೆಯಲ್ಲಿ ಅವರ ನಾಲಿಗೆ ಹಿಡಿದೆ. ತಂಗಿ ಚಿತ್ರ ತೆಗೆದಳು. ತಂದೆ ಕೂಗಾಡಿದ್ದು ನಿಜ. ಬಿಗಿಯಾಗಿ ಹಿಡಿ, ಬಿಡಬೇಡ ಎಂದು ತಂಗಿ ಕಿರುಚಿದ್ದೂ ನಿಜ. ಕಾವಲುಗಾರರ ಮೇಲೆ ನನಗೆ ಸಿಟ್ಟಿಲ್ಲ, ಅವರ ಜಾಗದಲ್ಲಿ ನಾನಿದ್ದರೂ ಫೋನ್ ಮಾಡುತ್ತಿದ್ದೆ. ಪೊಲೀಸರು ಬಂದಾಗ ತಂದೆ, ಇವರು ಹುಟ್ಟಿದಾಗಿನಿಂದ ನನ್ನನ್ನು ಹೀಗೇ ಗೋಳುಹೊಯ್ದುಕೊಳ್ಳುತ್ತಿದ್ದಾರೆ ಎಂದು ತಮಾಷೆ ಮಾಡಿದ್ದರಿಂದ ವಿಷಯ ಇಲ್ಲಿಯವರೆಗೆ ಬಂತು.

ಆ ದಿನದ ಚಿತ್ರಗಳು ಸರಿಯಾಗಿ ಕೂಡಿದವು. ಸೋಮವಾರ ವೈದ್ಯರು ಅದೇ ಜಾಗದಲ್ಲಿ ಚೂರು ತೆಗೆದರು. ನಿನ್ನೆ ವರದಿ ಬಂತು. ಕ್ಯಾನ್ಸರ್ ಹೌದು, ಆದರೆ ಈಗಷ್ಟೇ ಶುರುವಾಗಿದೆ, ಸ್ವಲ್ಪ ಭಾಗ ತೆಗೆದರೆ ಸಾಕು, ಮಾತಿಗೆ ತೊಂದರೆಯಿಲ್ಲ ಎಂದರು. ನನಗೂ ತಂಗಿಗೂ ಅಳು ತಡೆಯಲಾಗಲಿಲ್ಲ. ಆಗ ತಂದೆ ನಮ್ಮಿಬ್ಬರ ಬೆನ್ನು ಸವರುತ್ತಾ ಹೇಳಿದ್ದನ್ನು ಅವರ ಮಾತಿನಲ್ಲೇ ಬರೆಸುತ್ತಿದ್ದೇನೆ: "ನಾಲಿಗೆ ಹೋಗ್ತಿದ್ದದ್ದು ನಂದು ಕಣ್ರೇ. ನಿಮಗ್ಯಾಕೆ ಮಾತು ನಿಂತುಹೋಯ್ತು?"

ಇದನ್ನು ನನಗೆ ಓದಿ ಹೇಳಿದ್ದಾರೆ, ನಾನು ಹೇಳಿದಂತೆಯೇ ಇದೆ, ಸುಳ್ಳಿಲ್ಲ. ತಂದೆಯ ಹೇಳಿಕೆಯೂ ಬೇಕಾದರೆ, ದಯವಿಟ್ಟು ಒಂದು ದಿನ ಪೂರ್ತಿ ಬಿಡುವು ಮಾಡಿಕೊಳ್ಳಿ.

ಸ್ಥಳ: ಠಾಣೆ
ದಿನ: ಶುಕ್ರವಾರ
ಸಹಿ: ಹಿರಿಯ ಮಗಳು