ಏರು ಹತ್ತಿಸಿ ನೋಡಿ ಕೊಂಡ ಜೀಪು ಇಳಿಜಾರಿನಲ್ಲಿ ಮಾಡಿದ್ದು

ಇನ್ಸ್‌ಪೆಕ್ಟರ್ ಸ್ವಾಮಿಗಳೇ, ಈ ಕಾಗದವನ್ನು ಮೊದಲಿಂದ ಕೊನೆಯವರೆಗೂ ಓದಬೇಕು, ನಡುವೆ ಎದ್ದು ಹೋಗಬಾರದು. ಮೊನ್ನೆ ದಲ್ಲಾಳಿ ಕೋದಂಡಪ್ಪನಿಗೆ ಕುರ್ಚಿ ಹಾಕಿ ಹೇಳಿಕೆ ಬರೆದುಕೊಂಡಿರಿ. ನನ್ನನ್ನು ಬೇವಿನ ಮರದ ಕೆಳಗೆ ಕೂರಿಸಿ, ನಾನು ಗಂಟಲು ಒಣಗುವಷ್ಟು ಹೇಳಿದ್ದನ್ನು ಎರಡು ಸಾಲು ಮಾಡಿ, ಹೆಬ್ಬೆಟ್ಟು ಒತ್ತು ಎಂದಿರಿ. ಮೂರನೇ ಕ್ಲಾಸು ಓದಿದವಳ ಹತ್ತಿರ ಹೆಬ್ಬೆಟ್ಟು ಕೇಳಲು ನಿಮಗೆ ನಾಚಿಕೆಯಾಗಬೇಕಿತ್ತು. ಆದ್ದರಿಂದ ನಾನೇ ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ಕಣ್ಣು ಹತ್ತಿರ ತಂದು ಓದಿ.

ಮುನಿನಾರಾಯಣಮ್ಮ, ಕೋಂ ಲೇಟ್ ದೊಡ್ಡವೆಂಕಟಪ್ಪ, ವಯಸ್ಸು ಅರವತ್ತೆರಡು, ಕಸುಬು ಬೇಸಾಯ, ವಾಸ ಬೇತಮಂಗಲ ಕೆರೆ ಕೋಡಿಯ ಹತ್ತಿರ, ಆದ ನಾನು ಈ ಮೂಲಕ ಠಾಣೆಗೆ ತಿಳಿಯಪಡಿಸುವ ಸಂಗತಿ ಏನೆಂದರೆ:

ನನ್ನ ಮಗಳ ಮಗ ಆಂಜನಪ್ಪ ಲಾರಿಯಲ್ಲಿ ಕ್ಲೀನರ್ ಆಗಿದ್ದು ಡ್ರೈವರಿಕೆ ಕಲಿತ. ಹೋದ ಯುಗಾದಿಗೆ ಲೈಸೆನ್ಸು ಬಂತು. ನಮ್ಮ ಕಡೆಯ ತರಕಾರಿಯನ್ನು ಚಿನ್ನದ ಗಣಿಯ ಹತ್ತಿರದ ಕೋರಮಂಡಲ್ ಸಂತೆಗೆ ಹಾಕಲು ಜೋಡೆತ್ತು ಮಾರಿ ಒಂದು ಹಳೇ ಮಿಲಿಟರಿ ಜೀಪು ಕೊಂಡೆವು. ಈಗ ಅವನ ಲೈಸೆನ್ಸು ನಿಮ್ಮ ಮೇಜಿನ ಡ್ರಾಯರಿನಲ್ಲಿದೆ, ಜೀಪು ನಿಮ್ಮ ಕಾಂಪೌಂಡಿನಲ್ಲಿದೆ. ಅವನ ಮೇಲೆ ಅಡ್ಡಾದಿಡ್ಡಿ ಓಡಿಸಿದ ಕೇಸು ನಿಂತರೆ ಅವನು ಮತ್ತೆ ಕಂಡವರ ಲಾರಿಗೆ ಟಾರ್ಪಾಲು ಕಟ್ಟಬೇಕು, ನಮಗೆ ಎತ್ತೂ ಇಲ್ಲ, ಗಾಡಿಯೂ ಇಲ್ಲ.

ದಿನಾಂಕ 14-2-1963ನೇ ಗುರುವಾರ ಬೆಳಿಗ್ಗೆ ಕೋದಂಡಪ್ಪ ಬಂಗಾರಪೇಟೆಯಿಂದ ಜೀಪು ತಂದ. ಅವನು ಮೊದಲು ದನದ ದಲ್ಲಾಳಿ, ಈಚೆಗೆ ಗಾಡಿ ದಲ್ಲಾಳಿ. ನಮ್ಮ ಮನೆಯಲ್ಲಿ ಎತ್ತು ಕೊಳ್ಳುವ ಕ್ರಮ ಒಂದೇ, ಹೇರು ಹಾಕಿ ಏರು ಹತ್ತಿಸಿ ನೋಡುವುದು. ಜೀಪಿಗೂ ಹಾಗೇ ಮಾಡಿದೆವು. ಹಿಂದೆ ಎಂಟು ಮೂಟೆ ರಾಗಿ ಹೇರಿ, ಅದರ ಮೇಲೆ ನನ್ನ ಓರಗಿತ್ತಿ ಚಿಕ್ಕಮುನಿಯಮ್ಮನನ್ನು ಕೂರಿಸಿ, ಕೋರಮಂಡಲ್ ಕಡೆಯ ದಿಬ್ಬ ಹತ್ತಿಸಿದೆವು. ಆಂಜನಪ್ಪ ಓಡಿಸುತ್ತಿದ್ದ. ಕೋದಂಡಪ್ಪ ನಡುವೆ ಕುಕ್ಕರಿಸಿದ್ದ. ನಾನು ತುದಿಯಲ್ಲಿ.

ಜೀಪು ಹತ್ತಿದ್ದು ಹೇಗೆಂದು ಬರೆಯಬೇಕು. ಗುಟುರು ಹಾಕಿಕೊಂಡು, ಒಂದು ಕಡೆಯೂ ಮಂಡಿಯೂರದೆ ಹತ್ತಿತು. ನನ್ನ ಸೆರಗು ಹಾರಿ ಕೋದಂಡಪ್ಪನ ಮುಖ ಮುಚ್ಚಿತು. ಅವನು ಸೆರಗಿನೊಳಗಿಂದಲೇ, "ಯಮ್ಮೋ, ಆನೆ ಕಣಮ್ಮ ಇದು, ಓಗ್ತಾನೇ ಇರ್ತದೆ!" ಎಂದ. ಆ ಮಾತು ಮಾತ್ರ ಸುಳ್ಳಲ್ಲ. ದಾರಿಯುದ್ದಕ್ಕೂ ಅವನ ಬಲಗೈ ಗೇರಿನ ಕಡ್ಡಿಯ ಮೇಲಿತ್ತು. ಮಾರುವವನ ಕೈ ಎತ್ತಿನ ಮೈಮೇಲಿದ್ದರೆ ಮೊದಲು ಆ ಕೈ ತೆಗೆಸು ಎಂದು ನನ್ನ ಯಜಮಾನರು ಹೇಳುತ್ತಿದ್ದರು. ಜೀಪಿಗೆ ಅದು ಹೊಂದುತ್ತದೆಂದು ಆಗ ನನಗೆ ಹೊಳೆಯಲಿಲ್ಲ.

ದಿಬ್ಬದ ನೆತ್ತಿಯ ಹುಣಸೆಮರದ ಕೆಳಗೆ ಟವೆಲ್ಲಿನಡಿ ಬೆರಳು ಹಿಡಿದು ವ್ಯಾಪಾರ ಮುಗಿಸಿದೆವು. ಬೆಲೆ ಎಷ್ಟೆಂದು ಕೇಳಿದಿರಿ. ಟವೆಲ್ಲಿನಡಿಯ ಮಾತು ಪೊಲೀಸಿಗೂ ಹೇಳುವ ಪದ್ಧತಿಯಿಲ್ಲ. ಹಣ ಎಣಿಸಿಕೊಂಡ ಕೋದಂಡಪ್ಪ ಎದುರಿಗೆ ಬಂದ ಬಸ್ಸು ಹತ್ತಿದ. ಕೆಳಗೆ ಸಂತೆಯವರೆಗೆ ಬಾರಪ್ಪ, ಹೋಟೆಲಿನಲ್ಲಿ ಪೂರಿ ಕೊಡಿಸುತ್ತೇನೆ ಎಂದೆ. ಪೂರಿಗೂ ನಿಲ್ಲಲಿಲ್ಲ.

ನಾವು ಮೂವರು ಇಳಿಯತೊಡಗಿದೆವು. ಒಂದು ಫರ್ಲಾಂಗು ಹೋಗಿರಬೇಕು, ಎರಡನೇ ಗೇರು ತಾನೇ ಕಳಚಿ ಕಡ್ಡಿ ನನ್ನ ಮೊಣಕಾಲಿಗೆ ಬಡಿಯಿತು. ಆಂಜನಪ್ಪ ಬ್ರೇಕು ಒತ್ತಿದ. ಪೆಡಲು ನೆಲ ಮುಟ್ಟಿತು, ಜೀಪಿಗೆ ಗೊತ್ತೇ ಆಗಲಿಲ್ಲ. ಕೈಬ್ರೇಕು ಎಳೆದರೆ ಅದು ಕೈಗೇ ಬಂತು.

"ಅಜ್ಜೀ, ಬಿರೇಕು ಕಚ್ತಾ ಇಲ್ಲ!" ಎಂದ.

"ಆಮೇಲೆ ಅಳುವಂತೆ, ಈಗ ಗೇರು ಆಕ್ಲಾ!" ಎಂದೆ.

ಅವನು ತಳ್ಳಿದ. ನಾನು ಕಡ್ಡಿಯನ್ನು ಎರಡೂ ಕೈಯಲ್ಲಿ ಹಿಡಿದು, ಮುಂದಿನ ತಗಡಿಗೆ ಕಾಲು ಕೊಟ್ಟು ಅದುಮಿದೆ. ಜೀಪು ಅರಚಿಕೊಂಡು ಸ್ವಲ್ಪ ಹಿಡಿತಕ್ಕೆ ಬಂತು. ಆದರೂ ಹಿಂದಿನ ಎಂಟು ಮೂಟೆ ನೂಕುತ್ತಲೇ ಇದ್ದವು.

ಚಿಕ್ಕಮುನಿಯಮ್ಮ ಮೂಟೆಯ ಮೇಲಿಂದ, "ಅಕ್ಕಾ, ಒಸಿ ನಿಲ್ಸಕ್ಕೇಳು, ನಾನು ಇಳ್ಕಂತೀನಿ!" ಎಂದಳು.

"ನಿಲ್ಲೋ ಅಂಗಿದ್ರೆ ನಾನೇ ಮೊದ್ಲು ಇಳೀತಿದ್ದೆ ಕಣೇ!" ಎಂದೆ.

ಎದುರಿಗೆ ಸಂತೆಯ ಜನ. ಎಡಕ್ಕೆ ಚರಂಡಿ. ಬಲಕ್ಕೆ ಗಣಿಯವರು ಕಲ್ಲು ಅರೆದು ಸುರಿದ ಸೈನೈಡ್ ಗುಡ್ಡ, ಹಿಟ್ಟಿನಂಥ ಮರಳು. "ಬಲಕ್ಕೆ ತಿರುಗಿಸು, ಮರಳಿಗೆ ಏರ್ಸು!" ಎಂದು ಕೂಗಿದೆ. ಅವನು ತಿರುಗಿಸಿದ. ಈ ಜೀಪಿನ ಸ್ಟೇರಿಂಗು ಕಾಲು ಸುತ್ತು ಸುಮ್ಮನೆ ಸುತ್ತಿದ ಮೇಲೆ ಚಕ್ರಕ್ಕೆ ತಿಳಿಯುತ್ತದೆ. ಅಷ್ಟರಲ್ಲಿ ಮೈಲಿಗಲ್ಲಿಗೆ ಒರಗಿಸಿದ್ದ ನಿಮ್ಮ ಪೇದೆಯ ಸೈಕಲ್ಲು ಸಿಕ್ಕಿ ಮಡಚಿದ ಒಬ್ಬಟ್ಟಾಯಿತು. ಮರುಕ್ಷಣ ಜೀಪು ಮರಳು ಗುಡ್ಡ ಹತ್ತಿ, ಮುಂದಿನ ಚಕ್ರ ಹೂತು, ಉಸ್ಸೆಂದು ನಿಂತಿತು. ಮೂಟೆ ಒಡೆದು ಚಿಕ್ಕಮುನಿಯಮ್ಮನ ತಲೆತುಂಬ ರಾಗಿ. ಸಂತೆಯ ಜನ ಸಿಳ್ಳೆ ಹೊಡೆದರು. ಸುಳ್ಳು ಏಕೆ ಬರೆಯಲಿ, ಮೈ ಜುಮ್ಮೆಂದು ನಾನೂ ಕೂಗಿದೆ. ಮದುವೆಯ ಮೆರವಣಿಗೆಯಲ್ಲೂ ನನಗೆ ಅಷ್ಟು ಸಂತೋಷವಾಗಿರಲಿಲ್ಲ.

ಪೇದೆಯವರು ತಾವು ಸೈಕಲ್ಲಿನ ಮೇಲೇ ಇದ್ದೆವೆಂದು ಬರೆಸಿದ್ದಾರಂತೆ. ಆ ಹೊತ್ತಿಗೆ ಅವರು ಟೀ ಅಂಗಡಿಯ ಬೆಂಚಿನ ಮೇಲಿದ್ದರು. ಲೋಟ ಕೈಯಲ್ಲೇ ಹಿಡಿದು ಓಡಿಬಂದದ್ದನ್ನು ಸಂತೆಯೆಲ್ಲ ನೋಡಿದೆ. ಸೈಕಲ್ಲಿನ ಚಕ್ರ ನಾನು ಹಾಕಿಸಿಕೊಡುತ್ತೇನೆ, ಸುಳ್ಳನ್ನು ಅವರು ತೆಗೆಸಲಿ.

ಶನಿವಾರ ತಮ್ಮ ಎದುರಿಗೇ ಮೆಕ್ಯಾನಿಕ್ಕು ಮುನಿಶಾಮಪ್ಪ ಜೀಪು ಬಿಚ್ಚಿ ನೋಡಿದ. ಬ್ರೇಕಿನ ಸಿಲಿಂಡರಿನ ರಬ್ಬರು ಕೊಳೆತು ಎಣ್ಣೆಯೆಲ್ಲ ಸೋರಿದೆ, ಇಪ್ಪತ್ತೆಂಟು ರೂಪಾಯಿ. ಗೇರ್ ಪೆಟ್ಟಿಗೆಯ ಹಲ್ಲು ಸವೆದಿದೆ, ತೊಂಬತ್ತಕ್ಕೆ ಕಡಿಮೆಯಿಲ್ಲ. ರೇಡಿಯೇಟರಿನ ತೂತಿಗೆ ಬಟ್ಟೆ ಸೋಪು ಮೆತ್ತಿದೆ. "ಇಷ್ಟೆಲ್ಲ ಒಂದಿನದ್ದಲ್ಲ ಸ್ವಾಮಿ, ಮಾರ್ದೋನಿಗೆ ಚೆನ್ನಾಗ್ ಗೊತ್ತು" ಎಂದು ಅವನು ಹೇಳಿದ್ದನ್ನು ತಾವು ಬರೆದುಕೊಳ್ಳಲಿಲ್ಲ, ನಾನು ಬರೆದಿದ್ದೇನೆ.

ಅಂದು ನೀವು ಕರೆಸಿದ್ದ ಕೋದಂಡಪ್ಪ ಮಾತ್ರ ಜೀಪಿನಲ್ಲಿ ದೋಷವೇ ಇರಲಿಲ್ಲ, ಹುಡುಗನಿಗೆ ಓಡಿಸಲು ಬರುವುದಿಲ್ಲ ಎಂದ. ಹಾಗಾದರೆ ಈಗಲೇ ದಿಬ್ಬದ ಮೇಲಿಂದ ನೀನೊಬ್ಬನೇ ಇಳಿಸಿಕೊಂಡು ಬಾರಪ್ಪ, ನಾನು ಕೆಳಗೆ ಆರತಿ ಹಿಡಿದು ನಿಲ್ಲುತ್ತೇನೆ ಎಂದೆ. ಅವನು ತಕ್ಷಣ, ಜೀಪು ವಾಪಸ್ಸು ಕೊಡಿ, ನಿಮ್ಮ ಹಣ ಕೊಡುತ್ತೇನೆ ಎಂದ. ಆಂಜನಪ್ಪ ಒಪ್ಪಿಬಿಡುತ್ತಿದ್ದ. ನಾನು ಅವನ ಕಾಲು ತುಳಿದೆ.

ಜೀಪು ವಾಪಸ್ಸು ಕೊಡುವುದಿಲ್ಲ. ಕೊಟ್ಟರೆ ಅವನು ಬಟ್ಟೆ ಸೋಪು ಹೊಸದಾಗಿ ಮೆತ್ತಿ ಇನ್ನೊಬ್ಬ ಮುದುಕಿಯನ್ನು ಇನ್ನೊಂದು ದಿಬ್ಬ ಹತ್ತಿಸುತ್ತಾನೆ. ಆ ಮುದುಕಿಯ ಕಡೆ ಮರಳು ಗುಡ್ಡ ಇರಬೇಕಲ್ಲ. ರಿಪೇರಿಯ ಖರ್ಚು ಪೂರ್ತಿ ಅವನಿಂದ ಕೊಡಿಸಬೇಕು. ಬ್ರೇಕಿಲ್ಲದ ಗಾಡಿಯನ್ನು ಸಂತೆಯ ಒಬ್ಬರ ಮೈಗೂ ತಾಗಿಸದೆ ನಿಲ್ಲಿಸಿದ ಹುಡುಗನಿಗೆ ಓಡಿಸಲು ಬರುವುದಿಲ್ಲವೆಂದು ಬರೆದ ಸಾಲು ಹೊಡೆದುಹಾಕಿ, ಲೈಸೆನ್ಸನ್ನು ಅವನ ಕೈಗೇ ಕೊಡಬೇಕು.

ಮೇಲೆ ಬರೆದದ್ದು ನಾನು ಕಂಡದ್ದು, ನಾನೇ ಕೈಯಾರೆ ಅದುಮಿ ಹಿಡಿದದ್ದು. ಯಾರೂ ಹೇಳಿಕೊಟ್ಟದ್ದಲ್ಲ, ಹೇಳಿಕೊಡುವವರು ನಮ್ಮ ಬೀದಿಯಲ್ಲಿ ಇನ್ನೂ ಹುಟ್ಟಿಲ್ಲ.

ಸ್ಥಳ: ಠಾಣೆಯ ಜಗಲಿ
ದಿನಾಂಕ: 18-2-1963
(ಸಹಿ) ಮುನಿನಾರಾಯಣಮ್ಮ

ಮಾರ್ಚಿ ತಿಂಗಳು ಹುಟ್ಟುವ ಮೊದಲು ಇದಕ್ಕೆ ಉತ್ತರ ಬರೆಯಿರಿ. ಎರಡು ಸಾಲಿನಲ್ಲಿ ಬರೆದರೆ ನಾನು ತೆಗೆದುಕೊಳ್ಳುವುದಿಲ್ಲ.